ಹದ್ದೋ, ಗರುಡವೋ, ಗಿಡುಗವೋ? ಕಾಸರಗೋಡಿನ ಬೇಟೆಹಕ್ಕಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ ಪೇಟೆಯಲ್ಲಿ ಸಿಕ್ಕಿದವರು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು, ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆಪಿನಲ್ಲಿ ಮಸುಕು ಫೋಟೋ ಕಳಿಸಿ "ಇದು ಎಂತದು?" ಅನ್ನುವವರು, ಎಲ್ಲರೂ ಸುತ್ತಿ ಬಳಸಿ ಇವನ್ನೇ ಕೇಳುತ್ತಾರೆ. ಅದನ್ನೆಲ್ಲ ಒಂದು ಕಡೆ ಹಾಕಿದ್ದೇನೆ. ಪ್ರಶ್ನೆ ಅವರ ಮಾತಿನಲ್ಲೇ ಇದೆ. ಸುಲಭದ್ದು ಮೊದಲು, ತಲೆ ತಿನ್ನುವುದು ಕೊನೆಗೆ. ಕನ್ನಡ ಹೆಸರು ಬಾಯಲ್ಲಿ ಓಡಾಡುವ ಹಕ್ಕಿಗೆ ಕನ್ನಡ ಹೆಸರು, ಉಳಿದದ್ದಕ್ಕೆ ಹಕ್ಕಿ ನೋಡುವವರು ದಿನಾ ಹೇಳುವ ಇಂಗ್ಲಿಷ್ ಹೆಸರೇ.

## ಈಗಷ್ಟೇ ಶುರು ಮಾಡಿದವರಿಗೆ

ಮೇಲೆ ತಿರುಗುವುದೆಲ್ಲಾ ಹದ್ದೇ ಅಲ್ವಾ? ಅದರಲ್ಲಿ ಬೇರೆ ಎಂತ ನೋಡ್ಲಿಕ್ಕುಂಟು?

ಪೇಟೆಯಲ್ಲಿ, ಮೀನು ಮಾರ್ಕೆಟ್ಟಿನ ಮೇಲೆ ತಿರುಗುವುದು ಹೆಚ್ಚಾಗಿ ಹದ್ದು ಅಥವಾ ಗರುಡ, ಅದು ಸರಿ. ಆದರೆ ನಮ್ಮ ಜಿಲ್ಲೆಯ ಅನುಕೂಲ ನೋಡಿ: ಬೆಳಿಗ್ಗೆ ಮಂಜೇಶ್ವರದ ಕಡಲ ಬದಿಯಲ್ಲಿ ಚಹಾ ಕುಡಿದವರು ಮಧ್ಯಾಹ್ನದೊಳಗೆ ರಾಣಿಪುರದ ಹುಲ್ಲುಗುಡ್ಡೆ ಹತ್ತಬಹುದು. ನಡುವೆ ಅಳಿವೆ, ಗದ್ದೆ, ಮುರಕಲ್ಲಿನ ಬೋಳುಗುಡ್ಡೆ, ಗೇರು, ಅಡಿಕೆ ತೋಟ, ಕಾಡು ಎಲ್ಲಾ ಬರುತ್ತದೆ. ಒಂದೊಂದಕ್ಕೂ ಅದರದ್ದೇ ಬೇಟೆಹಕ್ಕಿ ಇದೆ. ಹಾಗಾಗಿ ಹಕ್ಕಿ ಕಂಡದ್ದು ಎಲ್ಲಿ ಅನ್ನುವುದೇ ಅರ್ಧ ಉತ್ತರ. ಫೋಟೋ ಕಳಿಸುವವರು ಜಾಗ ಮತ್ತು ತಿಂಗಳು ಬರೆಯುವುದೇ ಇಲ್ಲ, ದಯವಿಟ್ಟು ಬರೆಯಿರಿ.

ಬಣ್ಣ ಕಂದು, ಎದೆಯಲ್ಲಿ ಗೆರೆ ಉಂಟು. ಇಷ್ಟು ಸಾಕಾ ಹೆಸರು ಹೇಳ್ಲಿಕ್ಕೆ?

ಸಾಲುವುದಿಲ್ಲ. ಬೇಟೆಹಕ್ಕಿಗಳಲ್ಲಿ ಬಣ್ಣದಷ್ಟು ಮೋಸ ಮಾಡುವುದು ಬೇರೆ ಇಲ್ಲ. ಮರಿಗೆ ಒಂದು ಬಣ್ಣ, ದೊಡ್ಡದಕ್ಕೆ ಒಂದು, ಎಷ್ಟೋ ಜಾತಿಯಲ್ಲಿ ಗಂಡು ಹೆಣ್ಣಿಗೂ ಬೇರೆ ಬೇರೆ. ಮೇಲಿಂದ ಆಕಾಶದ ಬೆಳಕು ಹೊಡೆದರೆ ಬಿಳಿ ಹಕ್ಕಿಯೂ ಕಪ್ಪಾಗಿ ಕಾಣುತ್ತದೆ. ಮೊದಲು ಆಕಾರ ನೋಡಿ. ರೆಕ್ಕೆ ಅಗಲವೋ, ಸಪೂರವೋ? ತುದಿ ಚೂಪೋ, ಬೆರಳು ಬಿಡಿಸಿದ ಹಾಗಿದೆಯೋ? ಗಾಳಿಯಲ್ಲಿ ತೇಲುವಾಗ ರೆಕ್ಕೆ ಸಪಾಟೋ, ಮೇಲಕ್ಕೆ ವಿ ಅಕ್ಷರದ ಹಾಗೋ, ಕೆಳಕ್ಕೆ ಬಾಗಿದೆಯೋ? ಬಾಲ ಕವಲೋ, ದುಂಡೋ, ನೇರವೋ? ಇದಿಷ್ಟು ಆದ ಮೇಲೆ ಬಣ್ಣಕ್ಕೆ ಬನ್ನಿ. ಗಾತ್ರಕ್ಕೆ ಕಾಗೆಯೇ ಅಳತೆಕೋಲು. ಬೇಟೆಹಕ್ಕಿ ಎದ್ದ ಕೂಡಲೇ ಕಾಗೆಗಳು ಅಟ್ಟಿಸಿಕೊಂಡು ಬರುತ್ತವೆ, ಪಕ್ಕದಲ್ಲೇ ಹೋಲಿಸಬಹುದು.

ಹದ್ದಿಗೂ ಗರುಡನ ಮರಿಗೂ ವ್ಯತ್ಯಾಸ ಗೊತ್ತೇ ಆಗುವುದಿಲ್ಲ ಅಕ್ಕಾ, ಎರಡೂ ಕಂದು ಅಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ದೊಡ್ಡ ಗರುಡನಲ್ಲಿ ಕಷ್ಟವೇ ಇಲ್ಲ. ತಲೆ ಎದೆ ಬಿಳಿ, ಉಳಿದ ಮೈ ಕಾವಿ ಬಣ್ಣ, ರೆಕ್ಕೆಯ ತುದಿ ಕಪ್ಪು. ಮಲಯಾಳದವರು ಕೃಷ್ಣಪರುಂದ್ ಅನ್ನುವುದು ಇದನ್ನೇ. ಮರಿ ಮಾತ್ರ ಪೂರ್ತಿ ಕಂದು, ಮೈಮೇಲೆ ಮಾಸಲು ಗೆರೆ, ಹದ್ದಿನ ಮನೆಯದ್ದೇ ಅನ್ನಿಸುತ್ತದೆ.

ಬಾಲ ನೋಡಿ. ಗರುಡನ ಬಾಲದ ತುದಿ ದುಂಡು, ಮರಿಯಲ್ಲೂ ದುಂಡೇ. ಹದ್ದಿನ ಬಾಲ ಕವಲು. ಆದರೆ ಇಲ್ಲೊಂದು ತಕರಾರು ಉಂಟು. ಹದ್ದು ಗಾಳಿಯಲ್ಲಿ ತಿರುಗುವಾಗ ಬಾಲ ಬಿಡಿಸಿದರೆ ಕವಲು ಮಾಯವಾಗಿ ತುದಿ ಸಪಾಟಾಗುತ್ತದೆ, ಗರಿ ಉದುರುವ ಕಾಲದಲ್ಲಿ ಕವಲೇ ಇರುವುದಿಲ್ಲ. ಅದಕ್ಕೇ ಸ್ವಲ್ಪ ಹೊತ್ತು ನೋಡುತ್ತಲೇ ಇರಬೇಕು. ಬಾಲ ಮಡಚಿದ ಗಳಿಗೆಯಲ್ಲಿ ಸತ್ಯ ಹೊರಗೆ ಬರುತ್ತದೆ. ಹದ್ದು ಬಾಲವನ್ನು ಆ ಕಡೆ ಈ ಕಡೆ ತಿರುಚುತ್ತಾ ದಿಕ್ಕು ಬದಲಿಸುವುದೂ ಒಂದು ಗುರುತು. ಗರುಡ ಹದ್ದಿಗಿಂತ ಸಣ್ಣದು, ಸುಮಾರು 48 ಸೆಂ.ಮೀ. ಹದ್ದು 60ರ ಹತ್ತಿರ ಬರುತ್ತದೆ. ಗರುಡನ ಮರಿಯ ರೆಕ್ಕೆ ಗಿಡ್ಡ, ಅಗಲ, ಅಡಿಯಲ್ಲಿ ತುದಿಗರಿಗಳ ಬುಡಕ್ಕೆ ದೊಡ್ಡ ಬಿಳಿಚು ತೇಪೆ. ಈ ತೇಪೆಯೊಂದನ್ನೇ ನಂಬಬೇಡಿ. ಚಳಿಗಾಲದಲ್ಲಿ ಉತ್ತರದಿಂದ ಬರುವ ಹದ್ದಿಗೂ ಅಲ್ಲೇ ಬಿಳಿಚು ಇರುತ್ತದೆ. ಅದರ ಗಾತ್ರ ದೊಡ್ಡದು, ಬಾಲ ಕವಲು.

ಬೈನಾಕುಲರ್ ಬೇಕೇ ಬೇಕಾ? ಮೊಬೈಲ್ ಸಾಕಲ್ವಾ?

ಮೊಬೈಲಿನಲ್ಲಿ ಹಾರುವ ಗಿಡುಗ ಒಂದು ಚುಕ್ಕೆ, ಅಷ್ಟೇ. 8x42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಬೈನಾಕುಲರ್ ಒಂದಿದ್ದರೆ ಜೀವನ ಸುಲಭ. 10x ತೆಗೆದುಕೊಂಡವರಿಗೆ ಕೈ ನಡುಗಿ ಹಾರುವ ಹಕ್ಕಿಯನ್ನು ಹಿಡಿಯುವುದೇ ಕಷ್ಟವಾಗುತ್ತದೆ. ಕ್ಯಾಮೆರಾ ಇದ್ದರೆ ಆಕಾಶಕ್ಕೆ ಹಿಡಿಯುವಾಗ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಜಾಸ್ತಿ ಮಾಡಿ, ಇಲ್ಲದಿದ್ದರೆ ಹಕ್ಕಿಯ ಅಡಿಭಾಗ ಬರೀ ಮಸಿ. ಚಂದದ ಒಂದು ಫೋಟೋಗಿಂತ ರೆಕ್ಕೆ ಬಾಲ ಬೇರೆ ಬೇರೆ ಭಂಗಿಯಲ್ಲಿರುವ ನಾಲ್ಕೈದು ಕೆಟ್ಟ ಫೋಟೋ ನನಗೆ ಜಾಸ್ತಿ ಉಪಯೋಗ.

ನಮ್ಮ ಕೋಳಿಮರಿ ಕೊಂಡುಹೋದದ್ದು ಯಾವ ಹಕ್ಕಿ? ಮನೆಯಲ್ಲಿ ಎಲ್ಲರೂ ಗಿಡುಗ ಅಂತಾರೆ.

ಹೇಗೆ ಬಂತು ಅಂತ ನೆನಪಿಸಿಕೊಳ್ಳಿ. ತೆರೆದ ಅಂಗಳಕ್ಕೆ ಮೇಲಿಂದ ಜಾರಿ ಬಂದು, ಕೂರದೆ, ಕಾಲಲ್ಲಿ ಎತ್ತಿಕೊಂಡು ಹಾಗೇ ಹೋದರೆ ಹದ್ದು. ಹಲಸಿನ ಮರದ ಎಡೆಯಿಂದ ನೆಲದ ಮಟ್ಟದಲ್ಲಿ ನುಗ್ಗಿ ಬಂದದ್ದು, ಪಾರಿವಾಳದಷ್ಟೇ ದೊಡ್ಡದು ಅಂದರೆ ಶಿಕ್ರಾ ಅನ್ನುವ ಸಣ್ಣ ಗಿಡುಗ. ಅದಕ್ಕೆ ತೀರಾ ಸಣ್ಣ ಮರಿ ಮಾತ್ರ ಆಗುತ್ತದೆ. ಕಾಡಂಚಿನ ಮನೆಯಲ್ಲಿ ಬೆಳೆದ ಕೋಳಿಯನ್ನೇ ಹೊಡೆದದ್ದಾದರೆ ತಲೆಯಲ್ಲಿ ಉದ್ದ ಜುಟ್ಟಿನ ಗಿಡುಗ, ಚೇಂಜಬಲ್ ಹಾಕ್ ಈಗಲ್ ಇರಬಹುದು. ರಾತ್ರಿ ಹೋದ ಕೋಳಿಯ ಲೆಕ್ಕವನ್ನು ಮಾತ್ರ ಗಿಡುಗಕ್ಕೆ ಬರೆಯಬೇಡಿ, ಅದು ಕಾಡುಬೆಕ್ಕಿನ ಕೆಲಸ ಆಗಿರಬಹುದು. ಕಲ್ಲು, ಕೋವಿ ತೆಗೆಯುವ ಮೊದಲು ಇನ್ನೊಂದು ವಿಷಯ: ಬೇಟೆಹಕ್ಕಿ ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಮರಿಗಳ ಮೇಲೆ ಹಳೆ ಮೀನುಬಲೆ ಕಟ್ಟಿದರೆ ಕೆಲಸ ಮುಗಿಯಿತು.

## ತೋಟ ಮತ್ತು ಗುಡ್ಡೆ

ತೋಟದಲ್ಲಿ ಬೂದು ಹಕ್ಕಿ, ಬಾಲದಲ್ಲಿ ಪಟ್ಟೆ. ಶಿಕ್ರಾ ಅಂದುಕೊಂಡೆ, ಒಬ್ಬರು ಕೋಗಿಲೆ ಜಾತಿ ಅಂದರು. ಹೌದಾ?

ಇರಬಹುದು. ಚಾಣಕೋಗಿಲೆ ಅನ್ನುವ ಹಕ್ಕಿ ಶಿಕ್ರಾದ ವೇಷ ಹಾಕಿಕೊಂಡೇ ಹುಟ್ಟಿದೆ. ಬಣ್ಣ ಮಾತ್ರ ಅಲ್ಲ, ಹಾರುವುದು, ಕೊಂಬೆಗೆ ಬಂದು ಕೂತು ಬಾಲ ಆಡಿಸುವುದು ಕೂಡ ಹಾಗೇ. ಹರಟೆಮಲ್ಲ ಹಕ್ಕಿಗಳ ಗೂಡಿನಲ್ಲಿ ಕದ್ದು ಮೊಟ್ಟೆ ಇಡುವ ಜಾತಿ ಇದು. ಗಿಡುಗ ಬಂತು ಅಂತ ಅವು ಗಾಬರಿಯಾದರೆ ಇದಕ್ಕೆ ಲಾಭ.

ಕೂತಿರುವಾಗ ಕೊಕ್ಕು ನೋಡಿ. ಶಿಕ್ರಾದ್ದು ಗಿಡ್ಡ, ಕೊಕ್ಕೆಯ ಹಾಗೆ ಬಾಗಿದೆ. ಕೋಗಿಲೆಯದ್ದು ಉದ್ದ, ಸಪೂರ, ಹೆಚ್ಚುಕಡಿಮೆ ನೇರ. ಶಿಕ್ರಾದ ಕಣ್ಣೇ ಕೆಂಪು, ಮರಿಯಲ್ಲಿ ಹಳದಿ. ಕೋಗಿಲೆಗೆ ಕಣ್ಣಿನ ಸುತ್ತ ಹಳದಿ ಬಳೆ. ಶಿಕ್ರಾದ ಕಾಲು ಉದ್ದ, ಹಳದಿ, ಉಗುರು ಚೂಪು. ಕೋಗಿಲೆಯ ಕಾಲು ಗಿಡ್ಡ, ಎರಡು ಬೆರಳು ಮುಂದೆ ಎರಡು ಹಿಂದೆ. ಬೇಸಿಗೆಯಲ್ಲಿ "ಪೀ-ಪೀಹಾ, ಪೀ-ಪೀಹಾ" ಅಂತ ಸ್ವರ ಏರಿಸುತ್ತಾ ಏರಿಸುತ್ತಾ ತಲೆ ಚಿಟ್ಟುಹಿಡಿಸಿದರೆ ಮತ್ತೆ ಯಾವ ಗುರುತೂ ಬೇಡ.

ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುವುದು ಯಾವುದು?

ನಮ್ಮಲ್ಲಿ ಎರಡು. ಒಂದು ರಾಮದಾಸ ಹದ್ದು, ವರ್ಷವಿಡೀ ಇರುತ್ತದೆ. ಬೂದು ಬಿಳಿ ಮೈ, ಭುಜದಲ್ಲಿ ಕಪ್ಪು ತೇಪೆ, ಕೆಂಪು ಕಣ್ಣು. ಗದ್ದೆಯ ಕರೆಂಟ್ ತಂತಿಯ ಮೇಲೆ ಕೂತು ಬಾಲ ಎತ್ತಿ ಇಳಿಸುತ್ತಿರುತ್ತದೆ. ಗಾಳಿಯಲ್ಲಿ ನಿಂತಾಗ ಎಷ್ಟೋ ಸಲ ಕಾಲು ಕೆಳಗೆ ಇಳಿಬಿಟ್ಟಿರುತ್ತದೆ. ಇನ್ನೊಂದು ಕೆಸ್ಟ್ರೆಲ್. ಇದು ಚಾಣದ (ಫಾಲ್ಕನ್) ಜಾತಿ, ಅಕ್ಟೋಬರದಿಂದ ಏಪ್ರಿಲ್‌ವರೆಗೆ ಇರುವ ನೆಂಟ. ಇಟ್ಟಿಗೆ ಬಣ್ಣದ ಬೆನ್ನು, ಚೂಪು ರೆಕ್ಕೆ, ಉದ್ದ ಬಾಲ, ಬಾಲದ ತುದಿಗೆ ದಪ್ಪ ಕಪ್ಪು ಪಟ್ಟಿ. ಪೊಸಡಿಗುಂಪೆಯಂಥ ಬೋಳುಗುಡ್ಡೆಯ ನೆತ್ತಿಯಲ್ಲಿ ಎದುರುಗಾಳಿಗೆ ಮುಖ ಮಾಡಿ, ತಲೆ ಒಂದಿಷ್ಟೂ ಅಲುಗದೆ ನಿಲ್ಲುತ್ತದೆ. ಮೈಯೆಲ್ಲಾ ತೂಗುತ್ತದೆ, ತಲೆ ಮಾತ್ರ ಇದ್ದಲ್ಲೇ. ಕೆಳಗೆ ಮಿಡತೆಯೋ ಓತಿಯೋ ಕಂಡರೆ ಮೆಟ್ಟಿಲು ಇಳಿದ ಹಾಗೆ ಸ್ವಲ್ಪ ಸ್ವಲ್ಪ ಕೆಳಗಿಳಿದು ಕೊನೆಗೆ ಬೀಳುತ್ತದೆ. ಜುಲೈಯಲ್ಲಿ ಕಂಡೆ ಅಂದರೆ ರಾಮದಾಸ ಹದ್ದೇ ಅಂತ ಮೊದಲು ಯೋಚಿಸಿ.

ಹೆಜ್ಜೇನಿನ ಹುಟ್ಟಿಗೆ ದೊಡ್ಡ ಹಕ್ಕಿ ನುಗ್ಗುತ್ತಾ ಇತ್ತು. ಅದಕ್ಕೆ ಜೇನು ಕಚ್ಚುವುದಿಲ್ವಾ?

ಅದು ಜೇನುಗಿಡುಗ. ಅದಕ್ಕೆ ಬೇಕಾದ್ದು ತುಪ್ಪಕ್ಕಿಂತ ಜಾಸ್ತಿ ಎರಿಯೊಳಗಿನ ಹುಳ. ಮುಖವನ್ನು ಹತ್ತಿರದಿಂದ ನೋಡಿದರೆ ಆಶ್ಚರ್ಯ ಆಗುತ್ತದೆ. ಬೇರೆ ಗಿಡುಗಗಳಲ್ಲಿ ಕೊಕ್ಕು ಕಣ್ಣಿನ ನಡುವೆ ಮೃದು ಚರ್ಮ ಅಥವಾ ಕೂದಲಿನಂಥ ಗರಿ. ಇದಕ್ಕೆ ಅಲ್ಲಿ ಮೀನಿನ ಪೊರೆಯಂಥ ಸಣ್ಣ ಗಟ್ಟಿ ಗರಿಗಳು ಒತ್ತೊತ್ತಾಗಿ ಹೊದೆಸಿವೆ. ಮೂಗಿನ ಹೊಳ್ಳೆ ಕೂಡ ಬರೀ ಸೀಳು. ಕುಟುಕು ಅಷ್ಟು ಸುಲಭದಲ್ಲಿ ಒಳಗೆ ಹೋಗುವುದಿಲ್ಲ.

ಬಣ್ಣದಲ್ಲಿ ಇದನ್ನು ಹಿಡಿಯುತ್ತೇನೆ ಅಂದವರು ಸೋತರು. ಬಹಳ ಕಪ್ಪಿನಿಂದ ಹೆಚ್ಚುಕಡಿಮೆ ಬಿಳಿವರೆಗೆ ಎಲ್ಲಾ ಬಣ್ಣದಲ್ಲೂ ಇದೆ. ಎದೆಯಲ್ಲಿ ಗೆರೆ ಇರುವುದೂ ಉಂಟು, ಅಡ್ಡಪಟ್ಟೆ ಇರುವುದೂ ಉಂಟು, ಏನೂ ಇಲ್ಲದ್ದೂ ಉಂಟು. ಆದರೆ ಅಷ್ಟು ದೊಡ್ಡ ಮೈಗೆ ಪಾರಿವಾಳದ ಹಾಗಿನ ಸಣ್ಣ ತಲೆ, ಉದ್ದ ಕುತ್ತಿಗೆ ಬೇರೆ ಯಾವುದಕ್ಕೂ ಇಲ್ಲ. ತೇಲುವಾಗ ರೆಕ್ಕೆ ಸಪಾಟು. ಗಂಡಿನ ಕಣ್ಣು ಕಪ್ಪುಗಂದು, ಮುಖ ಬೂದು, ಹೆಣ್ಣಿನ ಕಣ್ಣು ಹಳದಿ.

ಕೂಗು ಕೇಳಿಯೇ ಹೆಸರು ಹೇಳಬಹುದಾ?

ಹಾವುಗಿಡುಗದಲ್ಲಿ ಹೇಳಬಹುದು. ಹತ್ತು ಗಂಟೆಗೆ ಬಿಸಿಲು ಏರುವಾಗ ಕಾಡಿನ ಮೇಲೆ ಸುತ್ತುತ್ತಾ "ಕೀ-ಕೀ-ಕೀಯೂ" ಅಂತ ಕೂಗುತ್ತದೆ. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಸಿಗುತ್ತದೆ. ತಲೆ ಎತ್ತಿದರೆ ಅಗಲವಾದ ರೆಕ್ಕೆ, ಸ್ವಲ್ಪ ಮೇಲಕ್ಕೆತ್ತಿದೆ, ಹಿಂದಿನ ಕಪ್ಪು ಅಂಚಿಗೆ ತಾಗಿ ಉದ್ದಕ್ಕೂ ಬಿಳಿ ಪಟ್ಟಿ, ಬಾಲದಲ್ಲೂ ಒಂದು ದಪ್ಪ ಬಿಳಿ ಪಟ್ಟಿ. ಕೂತಿದ್ದರೆ ಕೊಕ್ಕಿನಿಂದ ಕಣ್ಣಿನವರೆಗೆ ಹಳದಿ ಚರ್ಮ, ಗರಿಯಿಲ್ಲದ ಹಳದಿ ಕಾಲು. ಆದರೆ ಕೂಗನ್ನೇ ನಂಬಿ ಪಟ್ಟಿಯಲ್ಲಿ ಬರೆಯುವವರಿಗೆ ಒಂದು ಮಾತು: ಭೀಮರಾಜ ಅನ್ನುವ ಹಕ್ಕಿ ಹಾವುಗಿಡುಗನ ಕೂಗನ್ನೂ ಶಿಕ್ರಾದ ಕೂಗನ್ನೂ ಚೆನ್ನಾಗಿ ಅಣಕಿಸುತ್ತದೆ. ಕಾಜಾಣವೂ ಶಿಕ್ರಾದ ಹಾಗೆ ಕೂಗುವುದುಂಟು.

## ಕಡಲ ಬದಿ

ಸಮುದ್ರದ ಹತ್ತಿರ ಗರುಡಕ್ಕಿಂತ ದೊಡ್ಡ ಬಿಳಿ ಹಕ್ಕಿ ಕಂಡೆ. ಕಡಲಹದ್ದು ಅಂದರೆ ಅದೇನಾ?

ಹೊಟ್ಟೆ ಬಿಳಿ ಇದ್ದರೆ ಅದೇ, ಬಿಳಿಹೊಟ್ಟೆಯ ಕಡಲಹದ್ದು. ಗರುಡನ ಬಿಳಿ ಎದೆಗೇ ನಿಂತು ಹೊಟ್ಟೆಯಿಂದ ಕಾವಿ ಶುರುವಾಗುತ್ತದೆ. ಕಡಲಹದ್ದಿಗೆ ತಲೆಯಿಂದ ಬಾಲದ ಬುಡದ ಅಡಿಯವರೆಗೂ ಬಿಳಿ, ಬೆನ್ನು ಬೂದು, ರೆಕ್ಕೆಯ ಅಡಿಯಲ್ಲಿ ಹಾರುಗರಿಗಳು (ರೆಕ್ಕೆಯ ತುದಿ, ಹಿಂಬದಿಯ ಉದ್ದ ಗರಿಗಳು) ಕಪ್ಪು. ಬಾಲ ಗಿಡ್ಡ, ಬೆಣೆಯ ಆಕಾರ. ರೆಕ್ಕೆ ಬಿಡಿಸಿದರೆ ಸುಮಾರು 2 ಮೀಟರ್, ತೇಲುವಾಗ ಎದ್ದು ಕಾಣುವ ವಿ. ಮೀನಿನ ಜೊತೆ ಕಡಲಹಾವನ್ನೂ ಹಿಡಿಯುತ್ತದೆ.

2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಘೋಷಿಸಿದಾಗ ಹಕ್ಕಿಯ ಸ್ಥಾನ ಸಿಕ್ಕಿದ್ದು ಇದಕ್ಕೇ. ಮರ ಕಾಸರಕ. ಒಳ್ಳೆಯ ಆಯ್ಕೆ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಇದಕ್ಕೆ ಗೂಡು ಕಟ್ಟಲು ಕಡಲ ಹತ್ತಿರದ ಎತ್ತರದ ಹಳೆ ಮರವೇ ಬೇಕು, ವರ್ಷ ವರ್ಷ ಅದೇ ಗೂಡಿಗೆ ಕಡ್ಡಿ ಸೇರಿಸುತ್ತಾ ಹೋಗುತ್ತದೆ. ಮರ ಹೋದರೆ ಜೋಡಿಯೂ ಹೋಯಿತು. ಗೂಡು ಗೊತ್ತಿದ್ದರೆ ಜಾಗವನ್ನು ಎಲ್ಲಾ ಗ್ರೂಪಿಗೂ ಹಾಕಬೇಡಿ.

ಕುಂಬಳೆ ಅಳಿವೆಯಲ್ಲಿ ನೀರಿಗೆ ಧುಮುಕಿ ಮೀನು ತೆಗೆದದ್ದು ಗರುಡನಾ ಓಸ್ಪ್ರೇಯಾ?

ಮೈ ಒದ್ದೆ ಆಯಿತಾ? ಗರುಡ ಮೇಲ್ಮೈಯಿಂದ ಕಾಲಲ್ಲಿ ಎತ್ತಿಕೊಂಡು ಹೋಗುತ್ತದೆ, ಕಾಲು ಬಿಟ್ಟು ಬೇರೆ ನೆನೆಯುವುದಿಲ್ಲ. ಓಸ್ಪ್ರೇ ಕಾಲು ಮುಂದೆ ಚಾಚಿ ಪೂರ್ತಿ ನೀರಿಗೇ ಬೀಳುತ್ತದೆ. ಎದ್ದು ಸ್ವಲ್ಪ ಮೇಲೆ ಹೋಗಿ ಮೈ ಕೊಡವುತ್ತದೆ. ಮೀನಿನ ತಲೆ ಮುಂದಕ್ಕೆ ಬರುವ ಹಾಗೆ ತಿರುಗಿಸಿ ಹಿಡಿದುಕೊಂಡು ಹೋಗುತ್ತದೆ. ಅಡಿ ಬಿಳಿ, ಕಣ್ಣಿನ ಮೇಲಿಂದ ಕಪ್ಪು ಪಟ್ಟಿ, ಉದ್ದ ಸಪೂರ ರೆಕ್ಕೆ ಮಣಿಕಟ್ಟಿನಲ್ಲಿ ಮಡಚಿ ಎಂ ಅಕ್ಷರದ ಹಾಗೆ. ಚಳಿಗಾಲದ ಹಕ್ಕಿ.

## ಸ್ವಲ್ಪ ಪಳಗಿದವರಿಗೆ

ಶಿಕ್ರಾ, ಬೆಸ್ರಾ, ಕ್ರೆಸ್ಟೆಡ್ ಗೋಶಾಕ್. ಮೂರೂ ಒಂದೇ ಥರ. ಎಲ್ಲಿಂದ ಶುರು ಮಾಡಲಿ?

ಗಂಟಲಿನಿಂದ. ಗಂಟಲ ನಡುವೆ ಮೂರಕ್ಕೂ ಒಂದು ಗೆರೆ ಇದೆ. ಶಿಕ್ರಾದಲ್ಲಿ ಅದು ಸಪೂರ, ಮಾಸಲು. ಬೆಸ್ರಾದಲ್ಲಿ ದಪ್ಪ, ಕಪ್ಪು, ದೂರದಿಂದಲೇ ಕಾಣುತ್ತದೆ. ಬೆಸ್ರಾ ಒಟ್ಟಾರೆ ಕಡುಬಣ್ಣ, ಕಾಡು ಬಿಟ್ಟು ಹೊರಗೆ ಬರುವುದು ಕಡಿಮೆ. ಗೋಶಾಕಿಗೂ ದಪ್ಪ ಗೆರೆಯೇ, ಆದರೆ ಹಕ್ಕಿ ದೊಡ್ಡದು, ಹಿಂದಲೆಯಲ್ಲಿ ಸಣ್ಣ ಜುಟ್ಟು. ಹಾರುವಾಗ ಬಾಲದ ಬುಡದ ಎರಡೂ ಬದಿಗೆ ಬಿಳಿ ಹತ್ತಿಯಂಥ ಗರಿ ಉಬ್ಬಿಕೊಂಡು ಮೇಲಿಂದಲೂ ಕಾಣುತ್ತದೆ. ಫೋಟೋದಲ್ಲಿ ರೆಕ್ಕೆಯ ತುದಿಯ ಬೆರಳು ಎಣಿಸಿ: ಶಿಕ್ರಾಕ್ಕೆ ಐದು, ಗೋಶಾಕಿಗೆ ಆರು. ಗಾತ್ರ ಮಾತ್ರ ನೋಡಿ ತೀರ್ಮಾನಿಸಬೇಡಿ, ಈ ಕುಟುಂಬದಲ್ಲಿ ಹೆಣ್ಣು ಗಂಡಿಗಿಂತ ಎದ್ದು ಕಾಣುವಷ್ಟು ದೊಡ್ಡದು.

ರಾಣಿಪುರದಲ್ಲಿ ಪೂರ್ತಿ ಕಪ್ಪು ಹಕ್ಕಿ ಮರಗಳ ತಲೆ ಸವರುತ್ತಾ ಹೋಯಿತು. ಹದ್ದಲ್ಲ ಅಂತ ಹೇಗೆ ಗೊತ್ತಾಗುವುದು?

ಹದ್ದು ಹಾಗೆ ಹಾರುವುದಿಲ್ಲ. ಅದು ಬ್ಲಾಕ್ ಈಗಲ್. ಉದ್ದ ರೆಕ್ಕೆ, ಮೈ ಸೇರುವಲ್ಲಿ ಕಿರಿದು, ತುದಿಗೆ ಹೋಗುತ್ತಾ ಅಗಲ, ಬೆರಳುಗಳು ಪೂರ್ತಿ ಬಿಡಿಸಿರುತ್ತವೆ. ಎಷ್ಟು ನಿಧಾನ ಅಂದರೆ ಈಗ ಬಿದ್ದೇಬಿಡುತ್ತದೆ ಅನ್ನಿಸಬೇಕು. ಮರದ ತಲೆಯಲ್ಲಿ ಗೂಡು ಹುಡುಕುತ್ತಾ ಹೋಗುವುದು, ಮೊಟ್ಟೆ ಮರಿ ಎತ್ತಲು. ಕಪ್ಪು ಮೈಗೆ ಹಳದಿ ಕಾಲು, ಕೊಕ್ಕಿನ ಬುಡ ಹಳದಿ. ಅದೇ ಬೆಟ್ಟಸಾಲಿನಲ್ಲಿ ಜುಟ್ಟಿನ ಗಿಡುಗ ಎರಡು ಜಾತಿ ಇದೆ, ಬೆರಳಿನವರೆಗೂ ಗರಿ ತುಂಬಿದ ಕಾಲು. ಹೊಟ್ಟೆಯಲ್ಲಿ ಉದ್ದ ಗೆರೆ ಇದ್ದರೆ ಚೇಂಜಬಲ್, ದಪ್ಪ ಅಡ್ಡಪಟ್ಟೆ ಇದ್ದರೆ ಲೆಗ್ಗೀಸ್ ಹಾಕ್ ಈಗಲ್.

ಫೋಟೋದಲ್ಲಿ ಹದ್ದಿನ ಹಾಗೇ ಉಂಟು, ಆದರೆ ಬಾಲ ನೇರ. ಬಾಲ ಬಿಡಿಸಿದ ಹದ್ದೇನಾ?

ಚಳಿಗಾಲವಾದರೆ ಬೂಟೆಡ್ ಈಗಲ್ ಕೂಡ ಆಗಬಹುದು. ಅದರಲ್ಲಿ ಎರಡು ಬಣ್ಣ. ಬಿಳಿ ಬಣ್ಣದ್ದು ಹದ್ದಿಗೆ ಹೋಲುವುದೇ ಇಲ್ಲ, ಮೈ ಬಿಳಿ, ಹಾರುಗರಿ ಕಪ್ಪು. ಕಂದುಬಣ್ಣದ್ದು ಹದ್ದುಗಳ ನಡುವೆ ಸುತ್ತುತ್ತಿದ್ದರೆ ಯಾರೂ ತಿರುಗಿಯೂ ನೋಡುವುದಿಲ್ಲ. ಎದುರಿನಿಂದ ಬರುವಾಗ ಕುತ್ತಿಗೆ ರೆಕ್ಕೆ ಸೇರುವಲ್ಲಿ ಎರಡೂ ಕಡೆ ಒಂದೊಂದು ಬಿಳಿ ಚುಕ್ಕೆ ಹೊಳೆಯುತ್ತದೆ. ಈ ಚುಕ್ಕೆ ಹದ್ದಿಗಿಲ್ಲ. ಬೆನ್ನು ತಿರುಗಿಸಿದರೆ ರೆಕ್ಕೆಯ ಮೇಲೆ ಓರೆಯಾಗಿ ಬಿಳಿಚು ಪಟ್ಟಿ, ಬಾಲದ ಬುಡವೂ ತಿಳಿ. ಹದ್ದಿನ ಹಾಗೆ ಬಾಲ ತಿರುಚುವುದಿಲ್ಲ.

ಆಪ್ ಒಂದು ಹೆಸರು ಹೇಳುತ್ತದೆ, ನೀವು ಇನ್ನೊಂದು ಹೇಳುತ್ತೀರಿ. ಯಾರನ್ನು ನಂಬುವುದು?

ಇಬ್ಬರನ್ನೂ ಸುಮ್ನೆ ನಂಬಬೇಡಿ. ಹಕ್ಕಿ ಗುರುತಿಸುವ ಮರ್ಲಿನ್ ಆಪನ್ನು ನಾನೂ ಬಳಸುತ್ತೇನೆ, ಚೊಕ್ಕ ಫೋಟೋ ಕೊಟ್ಟರೆ ಚೆನ್ನಾಗಿ ಹೇಳುತ್ತದೆ. ಆದರೆ ಕಪ್ಪು ನೆರಳಿನ ಫೋಟೋ ಕೊಟ್ಟರೂ ಅದು ಏನಾದರೊಂದು ಹೆಸರು ಕೊಡುತ್ತದೆ. ಆಪ್ ಹೆಸರು ಹೇಳಿದ ಮೇಲೆ ಆ ಹಕ್ಕಿಯ ಎರಡು ಗುರುತು ನಿಮ್ಮ ಫೋಟೋದಲ್ಲೇ ತೋರಿಸಲು ನಿಮಗೆ ಆಗಬೇಕು. ಆಗದಿದ್ದರೆ "ಯಾವುದೋ ಗಿಡುಗ" ಅಂತ ಬರೆದಿಡಿ.

ಟವರಿನ ಮೇಲೆ ಕೂತ ಚಾಣ ಪೆರೆಗ್ರಿನಾ, ಶಾಹೀನಾ? ಅಮೂರ್ ಇರಬಹುದಾ?

ಪೆರೆಗ್ರಿನ್, ಶಾಹೀನ್ ಬೇರೆ ಬೇರೆ ಜಾತಿಯಲ್ಲ, ಒಂದೇ ಜಾತಿಯ ಎರಡು ಉಪಜಾತಿ. ಎದೆ ಹೊಟ್ಟೆ ಕೆಂಪುಗಂದು, ತಲೆಗೆ ಪೂರ್ತಿ ಕಪ್ಪು ಮುಸುಕು ಹಾಕಿದ ಹಾಗಿದ್ದರೆ ಶಾಹೀನ್, ಇಲ್ಲೇ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುತ್ತದೆ. ಹೊಟ್ಟೆ ಬಿಳಿ, ಕೆನ್ನೆಯೂ ಬಿಳಿ, ಕಣ್ಣಿನ ಕೆಳಗೆ ಇಳಿಬಿದ್ದ ಮೀಸೆಯಿದ್ದರೆ ಉತ್ತರದಿಂದ ಚಳಿಗಾಲಕ್ಕೆ ಬಂದದ್ದು. ಅಮೂರ್ ಬೇರೆಯೇ ಜಾತಿಯ ಚಾಣ, ತುಂಬಾ ಸಣ್ಣದು, ಕಾಲು ಕಿತ್ತಳೆ ಕೆಂಪು. ಗಂಡು ಬೂದುಗಪ್ಪು, ಹಾರಿದರೆ ರೆಕ್ಕೆಯ ಅಡಿಯಲ್ಲಿ ಮುಂಭಾಗ ಬಿಳಿ. ಪೂರ್ವ ಏಷ್ಯಾದಿಂದ ಆಫ್ರಿಕದ ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ, ಅರಬಿ ಕಡಲು ದಾಟುವ ಮೊದಲು, ನವೆಂಬರ್ ಡಿಸೆಂಬರಿನಲ್ಲಿ ಕರಾವಳಿಯಲ್ಲಿ ಕಾಣಬಹುದು.

ಮುರಕಲ್ಲಿನ ಗುಡ್ಡೆಯಲ್ಲಿ ಹ್ಯಾರಿಯರ್ ಹೆಣ್ಣು. ಪ್ಯಾಲಿಡಾ, ಮಾಂಟೆಗೂನಾ?

ಹ್ಯಾರಿಯರ್ ಅಂದರೆ ಹುಲ್ಲಿನ ಮೇಲೆ ತಗ್ಗಿನಲ್ಲಿ ಹಾರುವ ಬೇಟೆಹಕ್ಕಿ, ಪ್ಯಾಲಿಡ್, ಮಾಂಟೆಗೂ ಅದರ ಎರಡು ಜಾತಿ. ಗಂಡಾಗಿದ್ದರೆ ಸುಲಭ ಇತ್ತು. ಪ್ಯಾಲಿಡ್ ಗಂಡಿಗೆ ರೆಕ್ಕೆಯ ತುದಿಯಲ್ಲಿ ಕಪ್ಪು ಬೆಣೆ ಮಾತ್ರ. ಮಾಂಟೆಗೂ ಗಂಡಿಗೆ ತುದಿಯೆಲ್ಲಾ ಕಪ್ಪು, ಮೇಲಿಂದ ರೆಕ್ಕೆಯ ನಡುವೆ ಇನ್ನೊಂದು ಕಪ್ಪು ಗೆರೆ. ಹೆಣ್ಣು ಎರಡೂ ಕಂದು, ಎರಡಕ್ಕೂ ಬಾಲದ ಬುಡ ಬಿಳಿ, ಎರಡೂ ರೆಕ್ಕೆಯನ್ನು ವಿ ಮಾಡಿ ಹುಲ್ಲಿನ ಮೇಲೆ ತೂಗುತ್ತಾ ಹೋಗುತ್ತವೆ. ಮುಖವೇ ಗತಿ. ಪ್ಯಾಲಿಡ್ ಹೆಣ್ಣಿಗೆ ಕೆನ್ನೆಯ ಕಪ್ಪು ತೇಪೆಯ ಹಿಂದೆ ಬಿಳಿಚು ಕಾಲರ್, ಅದರ ಹಿಂದೆ ಕುತ್ತಿಗೆ ಮತ್ತೆ ಕಡುಗಂದು. ಮಾಂಟೆಗೂಗೆ ಕಾಲರ್ ಇಲ್ಲ, ಕಣ್ಣಿನ ಸುತ್ತ ಬಿಳಿ ಜಾಸ್ತಿ. ರೆಕ್ಕೆಯ ಅಡಿ ಕಂಡರೆ ಒಳಗಿನ ಹಾರುಗರಿ ನೋಡಿ: ಮಾಂಟೆಗೂದಲ್ಲಿ ಪಟ್ಟೆಗಳು ಸ್ಪಷ್ಟ, ನಡುವೆ ತಿಳಿಬಣ್ಣ, ಪ್ಯಾಲಿಡ್‌ನಲ್ಲಿ ಆ ಭಾಗವೇ ಮಬ್ಬುಗಪ್ಪು. ಗದ್ದೆ, ಜೌಗಿನ ಮೇಲೆ ಇನ್ನೂ ದಪ್ಪ ಮೈಯ, ಬಾಲದ ಬುಡದಲ್ಲಿ ಬಿಳಿಯಿಲ್ಲದ, ತಲೆ ಕೆನೆಬಣ್ಣದ ಹೆಣ್ಣು ಕಂಡರೆ ಅದು ಮಾರ್ಷ್ ಹ್ಯಾರಿಯರ್, ಈ ಜಗಳಕ್ಕೆ ಸೇರಿದ್ದಲ್ಲ. ಇವು ರಾತ್ರಿ ನೆಲದ ಮೇಲೆಯೇ, ಹುಲ್ಲಿನೊಳಗೆ ಮಲಗುತ್ತವೆ. ಕಾಲರ್ ನೋಡುವ ಆಸೆಗೆ ಸಂಜೆ ಹುಲ್ಲಿನೊಳಗೆ ನುಗ್ಗಬೇಡಿ, ಬೆಳಿಗ್ಗೆ ಏಳೂವರೆಗೆ ಗುಡ್ಡೆಯ ಅಂಚಿನಲ್ಲಿ ಕೂತರೆ ಅವೇ ನಿಮ್ಮ ಮುಂದೆ ಹಾದುಹೋಗುತ್ತವೆ.